ಬ್ರಾಯ್ಲರ್ ಕೋಳಿಯ ಕರುಳು ಮತ್ತು ಆಹಾರದ ಸೇರ್ಪಡೆಗಳು: ಯಾವುದು, ಎಲ್ಲಿ, ಎಷ್ಟು?

ಒಂದು ಟನ್ ಬ್ರಾಯ್ಲರ್ ಆಹಾರದಲ್ಲಿ ಮೆಕ್ಕೆಜೋಳ, ಸೋಯಾ ಹಿಂಡಿ, ಎಣ್ಣೆ, ಸುಣ್ಣಕಲ್ಲಿನ ಪುಡಿ, ಫಾಸ್ಫೇಟ್, ಉಪ್ಪು ಇವೇ ಸೇರಿ ಸುಮಾರು 980 ಕಿಲೋ ಆಗುತ್ತವೆ. ಅಮೈನೋ ಆಮ್ಲ, ವಿಟಮಿನ್, ಖನಿಜಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವ ಕೆಲವೇ ಕಿಲೋ ಜಾಗಕ್ಕೆ ಕಿಣ್ವ, ಆಸಿಡಿಫೈಯರ್ (ಆಮ್ಲ), ಪ್ರೋಬಯೋಟಿಕ್ (ಒಳ್ಳೆಯ ಸೂಕ್ಷ್ಮಾಣು), ಪ್ರೀಬಯೋಟಿಕ್ (ಅವುಗಳ ಪರವಾದ, ಜೀರ್ಣವಾಗದ ಸಕ್ಕರೆ), ಸಸ್ಯತೈಲ (ಘಮದ ಎಣ್ಣೆ), ಟಾಕ್ಸಿನ್ ಬೈಂಡರ್ (ವಿಷ ಹಿಡಿದಿಡುವ ಪುಡಿ) ಎಲ್ಲವೂ ನೂಕುನುಗ್ಗಲು ನಡೆಸುತ್ತಿವೆ. ಇವತ್ತಿನ ಮಾತು ಆ ಕೆಲವು ಕಿಲೋಗಳದ್ದು. ಪ್ರತಿ ಸೇರ್ಪಡೆಗೂ ಕರುಳಿನಲ್ಲಿ ಕೆಲಸ ಮಾಡುವ ಒಂದು ಜಾಗ ಇದೆ, ಒಂದು ವಯಸ್ಸೂ ಇದೆ. ಅಲ್ಲಿಗೆ ತಲುಪುವ ಮೊದಲೇ ಅದು ಮಿಲ್ಲಿನ ಬಿಸಿಗೋ, ನೀರಿನ ಕ್ಲೋರಿನ್‌ಗೋ, ಸುಣ್ಣಕ್ಕೋ ಬಲಿಯಾದರೆ ಚೀಲದ ಮೇಲಿನ ಬರಹ ನಿಜವಾಗಿದ್ದರೂ ಕೋಳಿಗೆ ಏನೂ ಸಿಗುವುದಿಲ್ಲ.

ಇಷ್ಟೊಂದು ಪುಡಿಗಳು ಹೇಗೆ ಬಂದವು ಎಂಬುದಕ್ಕೆ ಹಿನ್ನೆಲೆ ಚಿಕ್ಕದು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಡ್ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಮರಿಗಳಿಗೆ ತಿನ್ನಿಸಿದರು. ಅದರಲ್ಲಿದ್ದ ವಿಟಮಿನ್ ಬಿ12ರಿಂದ ವಿವರಿಸಲಾಗದಷ್ಟು ಬೆಳವಣಿಗೆ ಕಂಡಿತು. ಅಲ್ಲಿಂದ ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಆಹಾರದಲ್ಲಿ ಖಾಯಂ ಆಯಿತು. ಔಷಧಕ್ಕೆ ಜಗ್ಗದ ಸೂಕ್ಷ್ಮಾಣುಗಳು ಹೆಚ್ಚುತ್ತಿದ್ದಂತೆ ಸ್ವೀಡನ್ 1986ರಲ್ಲಿ, ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬಳಸುವುದನ್ನು ನಿಲ್ಲಿಸಿದವು. ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೆ ಮುಖ್ಯವಾದ ಔಷಧಗಳ ಮಟ್ಟಿಗೆ 2017ರಲ್ಲಿ ಅದೇ ಆಯಿತು. ಆ ಒಂದು ಪುಡಿ ಕರುಳಿನ ಮೊದಲಿನಿಂದ ಕೊನೆಯವರೆಗೆ ಎಲ್ಲೆಡೆ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿ, ಆಹಾರ ತಯಾರಿಕೆಯಲ್ಲಿ ನಾವು ಮಾಡುವ ತಪ್ಪುಗಳನ್ನೂ ಮುಚ್ಚಿಹಾಕುತ್ತಿತ್ತು. ಅದರ ಜಾಗಕ್ಕೆ ಇನ್ನೊಂದೇ ಪುಡಿ ಹುಡುಕುವವರಿಗೆ ನಿರಾಸೆ ಖಂಡಿತ.

ಈಗ ಕರುಳಿನ ದಾರಿ ನೋಡೋಣ. ಆಹಾರ ಮೊದಲು ನಿಲ್ಲುವುದು ಕ್ರಾಪ್‌ನಲ್ಲಿ, ಅಂದರೆ ಕೊರಳ ಬುಡದ ಮೇವಿನ ಚೀಲದಲ್ಲಿ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗಳ ರಾಜ್ಯ. ಪಿಎಚ್ ಸುಮಾರು 5. ಮುಂದೆ ಆಮ್ಲ ಸುರಿಸುವ ಪ್ರೊವೆಂಟ್ರಿಕ್ಯುಲಸ್, ಅರೆಯುವ ಗಿಜರ್ಡ್. ಪಿಎಚ್ 2ರಿಂದ 4. ಅಲ್ಲಿಂದ ಸಣ್ಣಕರುಳಿಗೆ ಇಳಿದೊಡನೆ ಪಿತ್ತ ಮತ್ತು ಮೇದೋಜೀರಕ ರಸ ಸೇರಿ ಪಿಎಚ್ 6ಕ್ಕೆ ಏರಿ, ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಮ್ ತಲುಪುವಾಗ 7ರ ಆಸುಪಾಸು ಬರುತ್ತದೆ. ಇಡೀ ಪ್ರಯಾಣ ಕೆಲವೇ ಗಂಟೆಗಳದ್ದು. ಅಷ್ಟರಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ, ಪ್ರೋಟೀನು ಇಲಿಯಮ್ ಮತ್ತು ಸೀಕಾ ಎಂಬ ಜೋಡಿ ಕುರುಡುಗರುಳಿನ ಬ್ಯಾಕ್ಟೀರಿಯಾಗಳ ಪಾಲು.

ಈ ಉಳಿಕೆಯೇ ಸಮಸ್ಯೆಯ ಬೇರು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಆರೋಗ್ಯವಂತ ಕೋಳಿಯ ಕರುಳಲ್ಲೂ ಸ್ವಲ್ಪ ಇರುತ್ತದೆ. ತನಗೆ ಬೇಕಾದ ಹಲವು ಅಮೈನೋ ಆಮ್ಲಗಳನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ಹಾಗಾಗಿ ಜೀರ್ಣವಾಗದ ಪ್ರೋಟೀನು ಸಿಕ್ಕರೆ ಭರದಿಂದ ಹೆಚ್ಚುತ್ತದೆ. ಐಮೀರಿಯಾ ಮ್ಯಾಕ್ಸಿಮಾದಂಥ ಕಾಕ್ಸಿಡಿಯಾ ಎಂಬ ಪರೋಪಜೀವಿಗಳು ಕರುಳಿನ ಗೋಡೆ ಕೆರೆದು ಪ್ಲಾಸ್ಮಾ ಸೋರಿದರೆ ಇನ್ನೂ ಸುಗ್ಗಿ. ಆಗ ಕ್ಲಾಸ್ಟ್ರಿಡಿಯಂನ ನೆಟ್‌ಬಿ ವಿಷ ಕರುಳಿನ ಒಳಪೊರೆಯನ್ನು ಕೊಳೆಸುತ್ತದೆ. ಇದೇ ನೆಕ್ರೋಟಿಕ್ ಎಂಟರೈಟಿಸ್. ಸಾಮಾನ್ಯವಾಗಿ 2ರಿಂದ 5 ವಾರದ ನಡುವೆ ಕಾಣುತ್ತದೆ. ಸಾವು ಕಾಣದ, ಬರೀ ಒದ್ದೆ ಲಿಟರ್ (ಶೆಡ್ಡಿನ ನೆಲಹಾಸು) ಮತ್ತು ಏರಿದ ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ತಿಂದ ಆಹಾರದ ಕಿಲೋ) ಮಾತ್ರ ತೋರಿಸುವ ಸೌಮ್ಯ ರೂಪವೇ ಹೆಚ್ಚು ನಷ್ಟ ಮಾಡುತ್ತದೆ, ಏಕೆಂದರೆ ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಪುಡಿ ಕೊಳ್ಳುವ ಮೊದಲು ಉಳಿಕೆ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಮೊದಲ ಅನುಮಾನ ಸೋಯಾ ಹಿಂಡಿಯ ಮೇಲೆ. ಅರೆಬೆಂದ ಹಿಂಡಿಯಲ್ಲಿ ಟ್ರಿಪ್ಸಿನ್ ಪ್ರತಿಬಂಧಕ ಉಳಿದು ಪ್ರೋಟೀನು ಜೀರ್ಣವಾಗುವುದಿಲ್ಲ. ಅತಿಯಾಗಿ ಬೆಂದರೆ ಲೈಸಿನ್ ಸುಟ್ಟುಹೋಗುತ್ತದೆ. ಯೂರಿಯೇಸ್ ಪರೀಕ್ಷೆಯಲ್ಲಿ ಪಿಎಚ್ ಏರಿಕೆ 0.05ರಿಂದ 0.20ರ ನಡುವೆ, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಪ್ರೋಟೀನ್ ಕರಗುವಿಕೆ 78ರಿಂದ 85 ಶೇಕಡಾ ಇರಬೇಕು. ಎರಡನ್ನೂ ನೋಡಬೇಕು, ಏಕೆಂದರೆ ಯೂರಿಯೇಸ್ ಅರೆಬೆಂದದ್ದನ್ನು ಮಾತ್ರ ಹಿಡಿಯುತ್ತದೆ, ಅತಿಬೆಂದದ್ದು ಅದರ ಕಣ್ಣು ತಪ್ಪಿಸುತ್ತದೆ. ಈ ದೋಷವನ್ನು ಸರಿಮಾಡುವ ಯಾವ ಸೇರ್ಪಡೆಯೂ ಇಲ್ಲ. ಎರಡನೆಯದು ಕಾಳಿನ ಪುಡಿ. ಹಿಟ್ಟಿನಂತೆ ನುಣ್ಣಗೆ ಬೀಸಿದರೆ ಗಿಜರ್ಡ್‌ಗೆ ಕೆಲಸವಿಲ್ಲ. ಅದು ಜೋತುಬಿದ್ದು ಆಹಾರವನ್ನು ಆಮ್ಲದಲ್ಲಿ ನಿಲ್ಲಿಸದೆ ಮುಂದಕ್ಕೆ ತಳ್ಳಿಬಿಡುತ್ತದೆ. ಮ್ಯಾಶ್ (ಪುಡಿ) ಆಹಾರಕ್ಕೆ ಮೆಕ್ಕೆಜೋಳದ ಸರಾಸರಿ ಕಣ 900ರಿಂದ 1,100 ಮೈಕ್ರಾನ್ ಇರಲಿ. 2ರಿಂದ 3 ಶೇಕಡಾ ಓಟ್ಸ್ ಸಿಪ್ಪೆಯಂಥ ಒರಟು ನಾರು ಸೇರಿಸಿದರೂ ಗಿಜರ್ಡ್ ಬಲಿಯುತ್ತದೆ. ಮಾರಾಟದ ಕರಪತ್ರಗಳಲ್ಲಿ ಇದು ಕಾಣುವುದಿಲ್ಲ. ಸಿಪ್ಪೆ ಮಾರಿ ಲಾಭ ಮಾಡುವವರು ಕಡಿಮೆ.

ಸೇರ್ಪಡೆಗಳಲ್ಲಿ ಹಣಕ್ಕೆ ಸರಿಯಾದ ಕೆಲಸವನ್ನು ಖಚಿತವಾಗಿ ಕೊಡುವುದು ಕಿಣ್ವಗಳು. ಕಾಳುಗಳಲ್ಲಿರುವ ರಂಜಕದ ಹೆಚ್ಚಿನ ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತದೆ. ಫೈಟೇಸ್ ಅದನ್ನು ಬಿಡಿಸುತ್ತದೆ. ಕಿಲೋ ಆಹಾರಕ್ಕೆ 500 ಎಫ್‌ಟಿಯು (ಫೈಟೇಸ್ ಶಕ್ತಿಯ ಅಳತೆ) ರೂಢಿಯ ಪ್ರಮಾಣ. ಅದು ಸುಮಾರು 0.10ರಿಂದ 0.15 ಶೇಕಡಾ ಲಭ್ಯ ರಂಜಕ ಕೊಡುತ್ತದೆ ಎಂದು ಲೆಕ್ಕ ಹಿಡಿದು ಫಾಸ್ಫೇಟ್ ಕಡಿಮೆ ಮಾಡುತ್ತಾರೆ. ಫೈಟೇಸ್ ಕೆಲಸ ಮಾಡುವ ಜಾಗ ಕ್ರಾಪ್, ಪ್ರೊವೆಂಟ್ರಿಕ್ಯುಲಸ್ ಮತ್ತು ಗಿಜರ್ಡ್. ಅಲ್ಲಿ ಸುಣ್ಣದ ಪುಡಿ ಹೆಚ್ಚಾದರೆ, ಅದರಲ್ಲೂ ತೀರಾ ನುಣುಪಾದರೆ, ಪಿಎಚ್ ಏರಿ ಫೈಟೇಟ್ ಕ್ಯಾಲ್ಸಿಯಂ ಜೊತೆ ಗಟ್ಟಿಕಟ್ಟಿ ಕಿಣ್ವಕ್ಕೆ ಸಿಗದಂತಾಗುತ್ತದೆ. ಫಾಸ್ಫೇಟ್ ತಗ್ಗಿಸಿ ಸುಣ್ಣವನ್ನು ಹಾಗೇ ಬಿಡುವುದು ಪದೇ ಪದೇ ಕಾಣುವ ತಪ್ಪು. ಆಗ ಮರಿಗಳ ಕಾಲು ದುರ್ಬಲವಾಗುತ್ತದೆ, ದೂರು ಮಾತ್ರ ಫೈಟೇಸ್ ಮೇಲೆ ಬರುತ್ತದೆ.

ಗೋಧಿ ಹಾಕುವವರಿಗೆ ಝೈಲನೇಸ್, ಬಾರ್ಲಿ ಹಾಕುವವರಿಗೆ ಬೀಟಾ ಗ್ಲೂಕನೇಸ್ ಬೇಕೇಬೇಕು. ಈ ಕಾಳುಗಳ ಕರಗುವ ನಾರು ಕರುಳಲ್ಲಿ ಅಂಟಂಟಾಗಿ, ಕಿಣ್ವಗಳು ಆಹಾರಕ್ಕೆ ತಾಗದಂತೆ ಮಾಡುತ್ತದೆ. ಹಿಕ್ಕೆ ಅಂಟಾಗಿ ಲಿಟರ್ ಹೆಪ್ಪುಗಟ್ಟುತ್ತದೆ. ಮೆಕ್ಕೆಜೋಳದಲ್ಲಿ ಈ ಅಂಟು ಕಡಿಮೆ, ಹಾಗಾಗಿ ಬರೀ ಮೆಕ್ಕೆಜೋಳ-ಸೋಯಾ ಆಹಾರದಲ್ಲಿ ಝೈಲನೇಸ್‌ನಿಂದ ಗೋಧಿಯಷ್ಟು ಫಲ ಬಯಸಬೇಡಿ. ಆಹಾರವನ್ನು ಪೆಲೆಟ್ (ಒತ್ತಿದ ಗುಳಿಗೆ) ಮಾಡುವಾಗ ಹಬೆ ಕೊಡುವ ಕಂಡೀಷನರ್ 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಕವಚವಿಲ್ಲದ ಕಿಣ್ವ ಹೆಚ್ಚಿನಂಶ ಸಾಯುತ್ತದೆ. ಗುಳಿಗೆ ಒತ್ತುವ ಡೈ ಎಂಬ ತೂತಿನ ಅಚ್ಚಿನಲ್ಲಿ ಉಜ್ಜಿ ಬಿಸಿ ಇನ್ನಷ್ಟು ಏರುವುದನ್ನು ಕಂಡೀಷನರ್‌ನ ಥರ್ಮಾಮೀಟರು ತೋರಿಸುವುದಿಲ್ಲ. ಕವಚವಿರುವುದನ್ನು ಕೊಳ್ಳಿ, ಇಲ್ಲವೇ ದ್ರವ ಕಿಣ್ವವನ್ನು ಪೆಲೆಟ್ ತಣಿದ ಮೇಲೆ ಸಿಂಪಡಿಸಿ.

ಆಮ್ಲಗಳ ವಿಷಯದಲ್ಲಿ ತಪ್ಪುತಿಳುವಳಿಕೆ ಹೆಚ್ಚು, ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಫಾರ್ಮಿಕ್, ಪ್ರೊಪಿಯೋನಿಕ್, ಲ್ಯಾಕ್ಟಿಕ್ ಆಮ್ಲಗಳು ಬ್ಯಾಕ್ಟೀರಿಯಾದ ಒಳಗೆ ನುಗ್ಗುವುದು ಒಡೆಯದ ಅಣುವಾಗಿದ್ದಾಗ ಮಾತ್ರ. ಒಳಗೆ ಹೋಗಿ ಒಡೆದು, ಜೀವಕೋಶವನ್ನು ಆಮ್ಲೀಯಗೊಳಿಸಿ ಕೊಲ್ಲುತ್ತವೆ. ಫಾರ್ಮಿಕ್ ಆಮ್ಲದ ಪಿಕೆಎ 3.75. ಅಂದರೆ ಪಿಎಚ್ 3.75ರಲ್ಲಿ ಅರ್ಧ ಅಣುಗಳು ಒಡೆಯದೆ ಇರುತ್ತವೆ, ಪಿಎಚ್ 6.75ಕ್ಕೆ ಬಂದಾಗ ಸಾವಿರಕ್ಕೆ ಒಂದು. ಆದ್ದರಿಂದ ಬರಿಯ ಫಾರ್ಮಿಕ್ ಆಮ್ಲ ಕೆಲಸ ಮಾಡುವುದು ಆಹಾರದಲ್ಲಿ, ನೀರಿನಲ್ಲಿ, ಕ್ರಾಪ್‌ನಲ್ಲಿ, ಗಿಜರ್ಡ್‌ನಲ್ಲಿ. ಸಣ್ಣಕರುಳಿನ ಕೊನೆಯ ಕ್ಲಾಸ್ಟ್ರಿಡಿಯಂಗೆ ಅದರಿಂದ ನೇರ ತೊಂದರೆ ಏನೂ ಇಲ್ಲ. ಇನ್ನು, ಶುದ್ಧ ಸುಣ್ಣಕಲ್ಲು 1 ಕಿಲೋ ಸುಮಾರು 920 ಗ್ರಾಂ ಫಾರ್ಮಿಕ್ ಆಮ್ಲವನ್ನು ನುಂಗಬಲ್ಲದು. ಟನ್ನಿಗೆ 10 ಕಿಲೋ ಸುಣ್ಣ ಇರುವ ಆಹಾರಕ್ಕೆ 2 ಕಿಲೋ ಆಮ್ಲ ಹಾಕಿ ಹೊಟ್ಟೆಯ ಪಿಎಚ್ ಇಳಿಸುತ್ತೇವೆ ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. ಆಹಾರದಲ್ಲಿ ಸಾಲ್ಮೊನೆಲ್ಲಾ ಮತ್ತು ಬೂಸ್ಟು ತಡೆಯಲು ಆ ಪ್ರಮಾಣ ಉಪಯುಕ್ತ. ಕ್ರಾಪ್ ಆಮ್ಲೀಯಗೊಳಿಸಬೇಕಾದರೆ ನೀರಿನ ದಾರಿಯೇ ಮೇಲು.

ನೀರಿಗೆ ಹಾಕುವ ಕ್ರಮ ಹೀಗೆ. ಶೆಡ್ಡಿನ ನೀರು 20 ಲೀಟರ್ ಅಳೆದುಕೊಂಡು, ಆಮ್ಲವನ್ನು ಸಿರಿಂಜ್‌ನಲ್ಲಿ 2 ಮಿಲಿಲೀಟರ್‌ನಂತೆ ಹಾಕಿ ಕಲಸಿ, ಪ್ರತಿ ಸಲ ಪಿಎಚ್ ಮೀಟರ್‌ನಲ್ಲಿ ನೋಡಿ. 4ರ ಹತ್ತಿರ ಬಂದಾಗ ನಿಲ್ಲಿಸಿ. ಅದಕ್ಕಿಂತ ತುಂಬ ಕೆಳಗೆ ಇಳಿಸಿದರೆ ಕೋಳಿ ನೀರು ಕುಡಿಯುವುದೇ ಕಡಿಮೆ ಮಾಡುತ್ತದೆ, ನೀರು ಕಡಿಮೆಯಾದರೆ ತಿನ್ನುವುದೂ ಕಡಿಮೆ. 20 ಲೀಟರ್‌ಗೆ 16 ಮಿಲಿ ಬೇಕಾಯಿತು ಎನ್ನಿ, ಲೀಟರ್‌ಗೆ 0.8 ಮಿಲಿ ಆಯಿತು. ಡೋಸಿಂಗ್ ಪಂಪ್ 1 ಶೇಕಡಾ ಎಳೆಯುತ್ತದೆಯಾದರೆ ಒಂದು ಲೀಟರ್ ಸ್ಟಾಕ್ ದ್ರಾವಣದಲ್ಲಿ 80 ಮಿಲಿ ಆಮ್ಲ ಇರಬೇಕು. ಬೋರ್‌ವೆಲ್ ನೀರಿನ ಕ್ಷಾರತೆ ಋತುವಿನೊಂದಿಗೆ ಬದಲಾಗುವುದರಿಂದ ಹಳೆಯ ಲೆಕ್ಕವನ್ನೇ ನಂಬಬೇಡಿ. ಕೋಳಿ ಕುಡಿಯುವ ಕೊನೆಯ ನಿಪ್ಪಲ್‌ನಿಂದ ನೀರು ಹಿಡಿದು ಪಿಎಚ್ ನೋಡಿ, ಟ್ಯಾಂಕಿನದು ಸಾಲದು. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಬ್ಲೀಚಿಂಗ್ ಪುಡಿ ಅಥವಾ ಹೈಪೋಕ್ಲೋರೈಟ್ ಮತ್ತು ಆಮ್ಲವನ್ನು ಒಂದೇ ಸ್ಟಾಕ್ ಬಕೆಟ್‌ನಲ್ಲಿ ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಸಾವಯವ ಆಮ್ಲ ದಿನಗಟ್ಟಲೆ ಹರಿದ ಪೈಪಿನಲ್ಲಿ ಯೀಸ್ಟ್, ಬೂಸ್ಟಿನ ಲೋಳೆ ಬೆಳೆದು ನಿಪ್ಪಲ್ ಕಟ್ಟುತ್ತದೆ. ಬ್ಯಾಚ್ ಖಾಲಿಯಾದ ಮೇಲೆ, ಕೋಳಿ ಇಲ್ಲದ ಹೊತ್ತಿನಲ್ಲಿ, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಪೈಪಿನಲ್ಲಿ 24 ಗಂಟೆ ನಿಲ್ಲಿಸಿ, ನಂತರ ರಭಸದ ನೀರಿನಿಂದ ತೊಳೆಯಿರಿ.

ಬ್ಯುಟಿರಿಕ್ ಆಮ್ಲದ ಕಥೆ ಬೇರೆ. ಅದು ಕರುಳಿನ ಗೋಡೆಯ ಜೀವಕೋಶಗಳ ಆಹಾರ. ವಿಲ್ಲೈ (ಗೋಡೆಯ ಬೆರಳಿನಂಥ ಚಾಚುಗಳು) ಉದ್ದವಾಗಲು, ಗಾಯ ಮಾಯಲು ನೆರವಾಗುತ್ತದೆ. ಬರಿಯ ಸೋಡಿಯಂ ಬ್ಯುಟಿರೇಟ್ ಕ್ರಾಪ್ ದಾಟುವುದರೊಳಗೇ ಬಹುಪಾಲು ಹೀರಿಹೋಗುತ್ತದೆ. ಕೊಬ್ಬಿನ ಕವಚ ಹಾಕಿದ್ದು, ಇಲ್ಲವೇ ಲೈಪೇಸ್ ಒಡೆದಾಗ ಮಾತ್ರ ಬಿಡುಗಡೆಯಾಗುವ ಟ್ರೈಬ್ಯುಟಿರಿನ್ ಮುಂದಕ್ಕೆ ತಲುಪುತ್ತವೆ. ಟನ್ನಿಗೆ 300 ಗ್ರಾಂನಿಂದ 1 ಕಿಲೋ, ಶುದ್ಧಾಂಶದ ಮೇಲೆ ನಿರ್ಧಾರ. ಚೀಲ ಕೊಳ್ಳುವಾಗ ಕವಚದ ಕೊಬ್ಬು ಎಷ್ಟು, ಬ್ಯುಟಿರೇಟ್ ಎಷ್ಟು ಎಂದು ಕೇಳಿ. 30 ಶೇಕಡಾ ಇರುವುದನ್ನೂ 70 ಶೇಕಡಾ ಇರುವುದನ್ನೂ ಕಿಲೋ ಬೆಲೆಯಲ್ಲಿ ಹೋಲಿಸುವುದಕ್ಕೆ ಅರ್ಥವಿಲ್ಲ.

ಪ್ರೋಬಯೋಟಿಕ್‌ಗಳ ವಿಜ್ಞಾನಕ್ಕೆ ಗಟ್ಟಿ ಬುನಾದಿ ಸಿಕ್ಕಿದ್ದು 1973ರಲ್ಲಿ. ಫಿನ್ಲೆಂಡ್‌ನ ನುರ್ಮಿ ಮತ್ತು ರಂಟಾಲ, ಬೆಳೆದ ಕೋಳಿಯ ಕರುಳಿನ ಸಾರವನ್ನು ಎಳೆ ಮರಿಗೆ ಕೊಟ್ಟರೆ ಸಾಲ್ಮೊನೆಲ್ಲಾ ನೆಲೆಯೂರುವುದಿಲ್ಲ ಎಂದು ತೋರಿಸಿದರು. ತಾಯಿಯ ಜೊತೆ ಬೆಳೆಯುವ ಮರಿಗೆ ಇದು ತಾನಾಗಿ ಸಿಗುತ್ತದೆ. ಹ್ಯಾಚರಿಯ ಟ್ರೇಯಲ್ಲಿ ಹುಟ್ಟಿದ ಮರಿಗೆ ಸಿಗುವುದಿಲ್ಲ. ಖಾಲಿ ಕರುಳಿನಲ್ಲಿ ಮೊದಲು ಬಂದವರದೇ ಮೇಲುಗೈ. ಹಾಗಾಗಿ ಲ್ಯಾಕ್ಟೋಬ್ಯಾಸಿಲಸ್, ಎಂಟೆರೋಕಾಕಸ್ ಜಾತಿಯ ಜೀವಂತ ಕಲ್ಚರ್ ಮೊದಲ ದಿನವೇ, ಹ್ಯಾಚರಿಯಲ್ಲಿ ಸಿಂಪಡಿಸಿ ಅಥವಾ ಮೊದಲ ನೀರಿನಲ್ಲಿ ಕೊಡಬೇಕು. ಎರಡನೇ ವಾರ ಕೊಟ್ಟರೆ ಸೀಟು ಆಗಲೇ ಭರ್ತಿ. ನೀರಿನಲ್ಲಿ ಕೊಡುವಾಗ ಕ್ಲೋರಿನ್ ಇರಬಾರದು, ಲೀಟರ್‌ಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ 20 ನಿಮಿಷ ಬಿಟ್ಟು ನಂತರ ಕಲ್ಚರ್ ಹಾಕಿ.

ಪೆಲೆಟ್ ಆಹಾರಕ್ಕೆ ಈ ಜಾತಿಗಳು ಒಗ್ಗುವುದಿಲ್ಲ, ಬಿಸಿಗೆ ಸಾಯುತ್ತವೆ. ಅಲ್ಲಿ ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ಗಳ ಬೀಜಾಣುಗಳೇ ಗತಿ. ಎಣಿಕೆ ಹೀಗೆ ಮಾಡಿ: ಪುಡಿಯ ಒಂದು ಗ್ರಾಂನಲ್ಲಿ 100 ಕೋಟಿ ಸಿಎಫ್‌ಯು (ಜೀವಂತ ಸೂಕ್ಷ್ಮಾಣುಗಳ ಎಣಿಕೆ) ಇದ್ದು ಟನ್ನಿಗೆ 500 ಗ್ರಾಂ ಹಾಕಿದರೆ, ಕಿಲೋ ಆಹಾರಕ್ಕೆ 50 ಕೋಟಿ ಸಿಗುತ್ತದೆ. ಗ್ರಾಂನಲ್ಲಿ 10 ಕೋಟಿ ಮಾತ್ರ ಇರುವ ಪುಡಿಯನ್ನು ಅದೇ 500 ಗ್ರಾಂ ಹಾಕಿದರೆ ಬರೀ 5 ಕೋಟಿ. ಚೀಲದ ತೂಕ ಒಂದೇ, ಮದ್ದು ಹತ್ತನೇ ಒಂದು ಪಾಲು. ಪರೀಕ್ಷೆಗೆ ಕಳಿಸುವಾಗ ಪುಡಿಯ ಜೊತೆಗೆ ತೊಟ್ಟಿಯಲ್ಲಿರುವ ಪೆಲೆಟ್ ಕೂಡ ಕಳಿಸಿ. ಚಿಕಿತ್ಸೆಗೆಂದು ಆಂಟಿಬಯೋಟಿಕ್ ಕೊಡಬೇಕಾಗಿ ಬಂದರೆ ಆ ದಿನಗಳಲ್ಲಿ ಪ್ರೋಬಯೋಟಿಕ್ ವ್ಯರ್ಥ. ಚಿಕಿತ್ಸೆ ಮುಗಿದ ಮರುದಿನದಿಂದ ಮತ್ತೆ ಶುರುಮಾಡಿ.

ಯೀಸ್ಟ್ ಗೋಡೆಯಿಂದ ಬರುವ ಮನ್ನನ್ ಆಲಿಗೋಸ್ಯಾಕರೈಡ್ ಎಂಬ ಪ್ರೀಬಯೋಟಿಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾಗಳ ಕೂದಲಿನಂಥ ಎಳೆಗಳು ಕರುಳಿನ ಗೋಡೆಯ ಮ್ಯಾನೋಸ್ ಹಿಡಿಯುವ ಬದಲು ಇದನ್ನು ಹಿಡಿದು ಹಿಕ್ಕೆಯೊಂದಿಗೆ ಹೊರಟುಹೋಗುತ್ತವೆ. ಟನ್ನಿಗೆ 500 ಗ್ರಾಂನಿಂದ 2 ಕಿಲೋ, ಬಿಸಿಗೆ ಹೆದರುವುದಿಲ್ಲ. ಓಮದ ಥೈಮಾಲ್, ಒರಿಗಾನೋದ ಕಾರ್ವಕ್ರಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಬ್ಯಾಕ್ಟೀರಿಯಾದ ಪೊರೆ ಕೆಡಿಸುತ್ತವೆ, ನಿಜ. ಆದರೆ ಆವಿಯಾಗುವ ತೈಲ ಪೆಲೆಟ್ ಯಂತ್ರದಲ್ಲೇ ಹಾರಿಹೋಗುತ್ತದೆ. ಮಿಲ್ಲಿನ ತುಂಬ ಘಮ ಬಂದರೆ ಅದು ಕೋಳಿಗೆ ಸಿಗದೆ ಹೋದ ಪಾಲು. ಸಕ್ರಿಯ ಅಂಶದ ಶೇಕಡಾವಾರು ಬರೆಯದೆ ಬರೀ ಗಿಡದ ಹೆಸರು ಬರೆದ ಚೀಲವನ್ನು ಪಕ್ಕಕ್ಕಿಡಿ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಕಾಕ್ಸಿಡಿಯೋಸಿಸ್ ತಡೆಗೆ ಬಳಸುವ ಸ್ಯಾಲಿನೋಮೈಸಿನ್, ಮೊನೆನ್ಸಿನ್ ಇರುವ ಆಹಾರ ತಿನ್ನುತ್ತಿರುವ ಕೋಳಿಗೆ ಟಿಯಾಮುಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟರೆ ಕಾಲು ಸೋತು ಸಾಯುತ್ತವೆ. ಅದೇ ಕೆಲಸದ ಮಡ್ಯುರಾಮೈಸಿನ್ ಸುರಕ್ಷಿತ ಪ್ರಮಾಣ ಕಿಲೋಗೆ 5 ಮಿಲಿಗ್ರಾಂ ಮಾತ್ರ. ತೂಕದಲ್ಲಿ ಸ್ವಲ್ಪ ಹೆಚ್ಚಾದರೂ ವಿಷ. ಎರಡನೆಯದು ಟಾಕ್ಸಿನ್ ಬೈಂಡರ್: ಬೆಂಟೋನೈಟ್ ಜೇಡಿ ಅಫ್ಲಾಟಾಕ್ಸಿನ್ ಅನ್ನು ಚೆನ್ನಾಗಿ ಹಿಡಿಯುತ್ತದೆ, ಫ್ಯುಸೇರಿಯಂ ಬೂಸ್ಟಿನ ಡಾನ್, ಟಿ-2 ವಿಷಗಳನ್ನು ಹಿಡಿಯುವುದಿಲ್ಲ. ಟೈಲೋಸಿನ್‌ನಂಥ ಔಷಧವನ್ನೂ ಅದು ಕಟ್ಟಿಹಾಕಬಲ್ಲದು. ಪ್ರೊಪಿಯೋನಿಕ್ ಆಮ್ಲ ಬೂಸ್ಟು ಬೆಳೆಯದಂತೆ ತಡೆಯುತ್ತದೆ, ಆಗಲೇ ಹುಟ್ಟಿದ ವಿಷವನ್ನು ಅಳಿಸುವುದಿಲ್ಲ. 14 ಶೇಕಡಾಕ್ಕಿಂತ ಹೆಚ್ಚು ತೇವದ ಮೆಕ್ಕೆಜೋಳವನ್ನು ಗೋದಾಮಿಗೆ ಇಳಿಸಿಕೊಳ್ಳದಿರುವುದೇ ಅಗ್ಗದ ದಾರಿ.

ಇಷ್ಟನ್ನೂ ಒಟ್ಟಿಗೆ ಸುರಿಯಬೇಕೆ? ಬೇಡ. ಕಿಣ್ವ ಕೊನೆಯವರೆಗೂ ಇರಲಿ. ಮೊದಲ 10 ದಿನ ಕರುಳು ಕಟ್ಟುವ ಕಾಲ: ಮೊದಲ ದಿನದ ಕಲ್ಚರ್, ಕವಚದ ಬ್ಯುಟಿರೇಟ್. 10ರಿಂದ 28ರವರೆಗೆ ಕಾಕ್ಸಿಡಿಯಾ ಮತ್ತು ಕ್ಲಾಸ್ಟ್ರಿಡಿಯಂ ಕಾಲ: ಬ್ಯಾಸಿಲಸ್, ಬೇಕಾದರೆ ಸಸ್ಯತೈಲ. ಆಹಾರ ಬದಲಿಸುವ ಆಚೀಚೆ ಎರಡೆರಡು ದಿನ ನೀರಿಗೆ ಆಮ್ಲ. ಕೊನೆಯ ವಾರ ತೊಂದರೆ ಕಾಣದಿದ್ದರೆ ಕಿಣ್ವ, ಬ್ಯಾಸಿಲಸ್ ಬಿಟ್ಟು ಉಳಿದದ್ದನ್ನು ತೆಗೆಯಬಹುದು. ಮೊದಲ ದಿನಗಳು ಸರಿಹೋಗಿವೆಯೇ ಎಂದು ತಿಳಿಯಲು ಮರಿ ಇಳಿಸಿದ 24 ಗಂಟೆಗೆ 100 ಮರಿಗಳ ಕ್ರಾಪ್ ಮುಟ್ಟಿ ನೋಡಿ. 95ರಲ್ಲಾದರೂ ಮೃದುವಾಗಿ ತುಂಬಿರಬೇಕು. 7ನೇ ದಿನದ ತೂಕ ಇಳಿಸಿದಾಗಿನ ನಾಲ್ಕು ಪಟ್ಟು ದಾಟಿರಬೇಕು. ದಾಟದಿದ್ದರೆ ತಪ್ಪು ಬಹುತೇಕ ಬ್ರೂಡಿಂಗ್ (ಎಳೆ ಮರಿಗಳಿಗೆ ಕೊಡುವ) ಶಾಖದಲ್ಲಿ ಅಥವಾ ನೀರಿನಲ್ಲಿರುತ್ತದೆ.

ಬೆರೆಸುವುದರಲ್ಲಿ ಕೆಡುವಷ್ಟು ಕೆಲಸ ಬೇರೆಲ್ಲೂ ಕೆಡುವುದಿಲ್ಲ. ಟನ್ನಿಗೆ 500 ಗ್ರಾಂ ಪುಡಿಯನ್ನು ನೇರ ಮಿಕ್ಸರ್‌ಗೆ ಎಸೆಯಬೇಡಿ. ಮೊದಲು 2 ಕಿಲೋ ಮೆಕ್ಕೆಜೋಳದ ಪುಡಿಯೊಂದಿಗೆ, ನಂತರ 10 ಕಿಲೋದೊಂದಿಗೆ ಕಲಸಿ. ಮಿಕ್ಸರ್‌ಗೆ ಅರ್ಧ ಮೆಕ್ಕೆಜೋಳ ಬಿದ್ದ ಮೇಲೆ ಇದನ್ನು ಹಾಕಿ, ಮೇಲೆ ಉಳಿದದ್ದು. ಒಣ ಮಿಶ್ರಣ ಮುಗಿದ ನಂತರವೇ ಎಣ್ಣೆ. ಮೊದಲೇ ಎಣ್ಣೆ ಬಿದ್ದರೆ ಪುಡಿ ಉಂಡೆಕಟ್ಟುತ್ತದೆ. ಅಡ್ಡ ರಿಬ್ಬನ್ ಮಿಕ್ಸರ್‌ಗೆ 3ರಿಂದ 5 ನಿಮಿಷ, ನಿಂತ ಮಿಕ್ಸರ್‌ಗೆ 10ರಿಂದ 15 ನಿಮಿಷ ಬೇಕು. ಕೋಲಿನ್ ಕ್ಲೋರೈಡ್ ತೇವ ಎಳೆದುಕೊಳ್ಳುತ್ತದೆ. ಅದನ್ನು ವಿಟಮಿನ್, ಜೀವಂತ ಕಲ್ಚರ್‌ಗಳ ಚೀಲದಲ್ಲಿ ಸೇರಿಸಿಡದೆ ಬೇರೆಯಾಗಿಯೇ ಹಾಕಿ. ಮಿಕ್ಸರ್ ಪರೀಕ್ಷಿಸಲು ಒಂದೇ ಬ್ಯಾಚ್‌ನ 10 ಕಡೆಯಿಂದ ಮಾದರಿ ತೆಗೆದು ಉಪ್ಪಿನಂಶ ಅಳೆಸಿ. ಸಿವಿ (ಮಾದರಿಗಳ ನಡುವಿನ ಏರುಪೇರಿನ ಅಳತೆ) 10 ಶೇಕಡಾ ಮೀರಿದರೆ ರಿಬ್ಬನ್ ಸವೆದಿದೆ, ಇಲ್ಲವೇ ಮಿಕ್ಸರ್ ಅತಿಯಾಗಿ ತುಂಬಿದೆ.

ಕೊನೆಗೆ, ಹಾಕಿದ್ದು ಫಲ ಕೊಟ್ಟಿತೇ ಎಂಬ ಲೆಕ್ಕ. 2 ಕಿಲೋ ಕೋಳಿಯಲ್ಲಿ ಎಫ್‌ಸಿಆರ್ 1.58ರಿಂದ 1.55ಕ್ಕೆ ಇಳಿದರೆ ಉಳಿದ ಆಹಾರ 60 ಗ್ರಾಂ. ಆ ಕೋಳಿ ತಿಂದ 3.10 ಕಿಲೋ ಆಹಾರದಲ್ಲಿ, ಟನ್ನಿಗೆ 500 ಗ್ರಾಂನಂತೆ, ಸೇರ್ಪಡೆ 1.55 ಗ್ರಾಂ. 60ನ್ನು 1.55ರಿಂದ ಭಾಗಿಸಿದರೆ ಸುಮಾರು 39. ಅಂದರೆ ಸೇರ್ಪಡೆಯ ಕಿಲೋ ಬೆಲೆ ಆಹಾರದ ಕಿಲೋ ಬೆಲೆಯ 39 ಪಟ್ಟು ಮೀರಿದರೆ, ಅಷ್ಟು ಫಲ ಕೊಟ್ಟರೂ ಅದು ನಷ್ಟದ ಬಾಬತ್ತು. ಇನ್ನು 0.03 ಎಂಬ ವ್ಯತ್ಯಾಸ ಗಾಳಿ, ಲಿಟರ್, ಮರಿಯ ಮೂಲದಿಂದಲೂ ಬರುವಷ್ಟು ಚಿಕ್ಕದು. ಪಕ್ಕದ ಶೆಡ್ ಜೊತೆ ಒಂದೇ ಬ್ಯಾಚ್ ಹೋಲಿಸಿ ತೀರ್ಮಾನಿಸಬೇಡಿ. ಒಂದೇ ಹ್ಯಾಚ್‌ನ ಮರಿ, ಒಂದೇ ಆಹಾರ ಇಟ್ಟು, ಮೊದಲ ಬ್ಯಾಚ್‌ನಲ್ಲಿ ಒಂದು ಶೆಡ್‌ಗೆ ಕೊಟ್ಟರೆ ಮುಂದಿನ ಬ್ಯಾಚ್‌ನಲ್ಲಿ ಇನ್ನೊಂದಕ್ಕೆ ಕೊಡಿ. ಹೀಗೆ ಕನಿಷ್ಠ ನಾಲ್ಕು ಬ್ಯಾಚ್ ನಡೆಸಿ. ತೂಕ ನೋಡುವಾಗ ಕೈಗೆ ಸಿಕ್ಕ ದಪ್ಪ ಕೋಳಿ ಹಿಡಿಯದೆ, ಶೆಡ್‌ನ ನಾಲ್ಕೈದು ಕಡೆ ತಡಿಕೆ ಇಟ್ಟು, ಒಳಗೆ ಸಿಕ್ಕವನ್ನೆಲ್ಲ ತೂಗಿ. ಸತ್ತ ಕೋಳಿಯ ತೂಕವನ್ನೂ ಅದೇ ದಿನ ಬರೆದಿಡಿ, ಇಲ್ಲದಿದ್ದರೆ ಅವು ತಿಂದ ಆಹಾರವೆಲ್ಲ ಬದುಕಿದವುಗಳ ಎಫ್‌ಸಿಆರ್‌ಗೆ ಬಂದು ಕೂರುತ್ತದೆ.